ಊರು ಎಣಿಸುವ ಪ್ರವಾಸ ಸಾಕು, ಅಳಿವೆಯಲ್ಲಿ ಮೂರು ದಿನ ನಿಲ್ಲಲಿ

ಡಿಸೆಂಬರ್ ಬಂತೆಂದರೆ ಉತ್ತರ ಕನ್ನಡದ ಕರಾವಳಿ ಹೆದ್ದಾರಿಯಲ್ಲಿ ‘ಶೈಕ್ಷಣಿಕ ಪ್ರವಾಸ’ದ ಬ್ಯಾನರ್ ಕಟ್ಟಿದ ಬಸ್ಸುಗಳ ಸಾಲು ಶುರುವಾಗುತ್ತದೆ. ಜೋಗ, ಇಡಗುಂಜಿ, ಮುರುಡೇಶ್ವರ, ಗೋಕರ್ಣ, ಯಾಣ ಎಲ್ಲವೂ ಎರಡು ಮೂರು ದಿನದೊಳಗೆ ಮುಗಿಯಬೇಕು. ಊಟ, ನಿದ್ದೆ ಬಹುಪಾಲು ಬಸ್ಸಿನಲ್ಲೇ. ಬಯಲುಸೀಮೆಯ ಎಷ್ಟೋ ಮಕ್ಕಳು ಕಡಲನ್ನು ಮೊದಲು ಕಾಣುವುದೇ ಈ ಪ್ರವಾಸದಲ್ಲಿ; ಬಡವರ ಮನೆಯ ಮಕ್ಕಳಿಗೆ ಶಾಲೆ ಮುಗಿಯುವ ತನಕ ಇದೊಂದೇ ಅವಕಾಶ. ಅಷ್ಟು ಅಪರೂಪದ್ದನ್ನು ನಾವು ಓಟದಲ್ಲಿ ಕಳೆಯುತ್ತಿದ್ದೇವೆ. ಕರಾವಳಿಗೆ ಬರುವ ಶಾಲೆ ಒಂದೇ ಅಳಿವೆಯ ದಂಡೆಯಲ್ಲಿ ಕನಿಷ್ಠ ಮೂರು ದಿನ ನಿಲ್ಲಬೇಕು, ಅಲ್ಲಿನ ಜನರಿಂದಲೇ ಕಲಿಯಬೇಕು, ಕಲಿಸಿದವರಿಗೆ ಗೌರವಧನ ಸಲ್ಲಬೇಕು. ಆಗ ಮಾತ್ರ ಅದನ್ನು ಅಧ್ಯಯನ ಎನ್ನಬಹುದು.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೇ ನೋಡಿ. ಶಿರಸಿಯ ಕಡೆಯಿಂದ ಹೊರಟ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕಿಕೊಳ್ಳದೆ ತದಡಿಯ ಬಳಿ ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಂದು ಭರತ ಬಂದ ಹೊತ್ತಿಗಿಂತ ನಾಳಿನ ಭರತ ಸುಮಾರು 50 ನಿಮಿಷ ತಡ. ಚಂದ್ರನಿಗೂ ನೀರಿಗೂ ಇರುವ ಈ ನಂಟು ಪಾಠದಲ್ಲಿ ಒಂದು ವಾಕ್ಯ. ದಂಡೆಯಲ್ಲಿ ಒಂದು ಕೋಲು ನೆಟ್ಟು, ನೀರು ಮುಟ್ಟಿದ ಗುರುತನ್ನೂ ಹೊತ್ತನ್ನೂ ಮೂರು ದಿನ ಬರೆದಿಟ್ಟ ಹುಡುಗಿಗೆ ಅದು ತಾನೇ ಕಂಡುಕೊಂಡ ಸತ್ಯ. ತದಡಿ, ಮಿರ್ಜಾನ, ಉಪ್ಪಿನಪಟ್ಟಣಗಳಿಂದ ಒಂದೊಂದು ಲೀಟರ್ ನೀರು ತಂದು, ಸೋಸಿ, ಒಲೆಯ ಮೇಲಿಟ್ಟು ಬತ್ತಿಸಿದರೆ ಪಾತ್ರೆಯ ತಳದಲ್ಲಿ ಉಳಿಯುವ ಉಪ್ಪನ್ನು ತೂಗಿ ನೋಡಬಹುದು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನದಿಯ ಮೇಲಕ್ಕೆ ಹೋದಂತೆ ಅದು ಹೇಗೆ ಕಡಿಮೆಯಾಗುತ್ತದೆ ಎಂದು ತಕ್ಕಡಿಯೇ ಹೇಳುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಸಮಯ ಬೇಕು. ಅರ್ಧ ಗಂಟೆ ನಿಲ್ಲುವ ಬಸ್ಸು ಕೊಡಲಾರದ್ದು ಅದನ್ನೇ.

ಈ ಉಪ್ಪಿನ ಏರಿಳಿತದ ಮೇಲೆಯೇ ಇಲ್ಲಿನ ಬದುಕು ನಿಂತಿದೆ. ಮಳೆ ನೀರು ಅಳಿವೆಯಂಚಿನ ಗಜನಿ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಬಿತ್ತುವ ಕಗ್ಗ ಭತ್ತ ಚೌಳನ್ನೂ ನೆರೆಯನ್ನೂ ತಡೆದು ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಪಕ್ಕದ ಸಾಣಿಕಟ್ಟಾದ ಆಗರಗಳಲ್ಲಿ ಬೇಸಿಗೆಯ ಬಿಸಿಲಿಗೆ ಉಪ್ಪು ಹರಳುಗಟ್ಟುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಿಗಿಳಿದು ಚಿಪ್ಪಿಕಲ್ಲು ಹೆಕ್ಕುತ್ತಾರೆ; ಯಾವ ದಿಬ್ಬದಲ್ಲಿ ಯಾವ ಜಾತಿ, ಎಷ್ಟು ಸಣ್ಣದನ್ನು ಬಿಡಬೇಕು ಎಂಬುದು ಅವರಿಗೆ ಗೊತ್ತು. ಕಾಂಡ್ಲ (ಮ್ಯಾಂಗ್ರೋವ್) ಗಿಡ ಕಡಿದರೆ ಮೊದಲು ಹೋಗುವುದು ದಂಡೆಯೋ ಮೀನೋ ಎಂದು ಕೇಳಿದರೆ ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಇತಿಹಾಸದ ಪಾಠವೂ ದೂರವಿಲ್ಲ. 1930ರ ಏಪ್ರಿಲ್‌ನಲ್ಲಿ ನೆರೆಯ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ತದಡಿಯಲ್ಲಿ ಬರಬೇಕಿದ್ದ ಬೃಹತ್ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಜನರು ಒಡ್ಡಿದ ವಿರೋಧ ಅದಕ್ಕಿಂತ ಈಚಿನದು. ಭೂಗೋಳ, ಜೀವಶಾಸ್ತ್ರ, ಅರ್ಥಶಾಸ್ತ್ರ, ಪೌರನೀತಿ ನಾಲ್ಕೂ ಒಂದೇ ನೀರಿನ ಸುತ್ತ ಸಿಗುವ ಇಂಥ ಜಾಗ ಇರುವಾಗ ಐದು ಊರು ಸುತ್ತುವುದೇಕೆ?

‘ಇಷ್ಟು ದುಡ್ಡು ಕೊಟ್ಟು ಒಂದೇ ಊರಾ?’ ಎಂದು ಪಾಲಕರು ಕೇಳುತ್ತಾರೆ, ಅದರಲ್ಲಿ ತಪ್ಪಿಲ್ಲ. ಮಗುವಿಗೆ ಸಿಗುವ ಒಂದೇ ಪ್ರವಾಸದಲ್ಲಿ ಆದಷ್ಟೂ ಹೆಚ್ಚು ಕಾಣಲಿ ಎಂಬ ಆಸೆ ಅದು. ಒಂದು ಸಂಜೆ ಗೋಕರ್ಣಕ್ಕೆ, ಇನ್ನೊಂದು ಬೆಳಿಗ್ಗೆ ಮಿರ್ಜಾನ ಕೋಟೆಗೆ ಹೋಗಿ ಬರಲು ಅಡ್ಡಿಯೇನಿಲ್ಲ. ಎರಡೂ ಪಕ್ಕದಲ್ಲೇ ಇವೆ. ಒಂದೇ ಕಡೆ ನಿಂತರೆ ಖರ್ಚಿನ ಲೆಕ್ಕವೂ ಪಾಲಕರ ಪರವಾಗಿಯೇ ಇದೆ. ಪ್ರವಾಸದ ಹಣದ ದೊಡ್ಡ ಪಾಲನ್ನು ಬಸ್ಸಿನ ಕಿಲೋಮೀಟರ್ ನುಂಗುತ್ತದೆ. ಬೆಂಗಳೂರಿನಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಕಳೆದು ಕುಮಟಾಕ್ಕೆ ತಲುಪಿಸುತ್ತದೆ. ಅಲ್ಲಿಂದ ಮುಂದಿನ ಓಡಾಟ ಬಹಳ ಕಡಿಮೆ. ರಜೆಯಲ್ಲಿ ಖಾಲಿ ಇರುವ ವಿದ್ಯಾರ್ಥಿನಿಲಯಗಳಲ್ಲಿ ತಂಗಲು ವ್ಯವಸ್ಥೆ ಮಾಡಿ, ಊಟವನ್ನು ಸ್ವಸಹಾಯ ಸಂಘಗಳಿಗೆ ವಹಿಸಿದರೆ ಡೀಸೆಲ್‌ಗೆ ಹೋಗುತ್ತಿದ್ದ ದುಡ್ಡು ಊರಿನ ಮನೆಗಳಿಗೆ ಸೇರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದಾದ ಮೇಲೂ ಮಕ್ಕಳನ್ನು ನೀರಿನ ಬಳಿ ಮೂರು ದಿನ ಇರಿಸಬೇಕೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಳಿವೆಯಲ್ಲೂ ಅಪಾಯವಿದೆ, ಭರತದ ಸೆಳೆತವಿದೆ, ಕಾಲು ಹೂತುಹೋಗುವ ಕೆಸರಿದೆ. ಆದರೆ ಹೊರಗಿನವರಿಗೆ ಅಪಾಯ ಹೆಚ್ಚುವುದು ಗುರುತಿಲ್ಲದ ದಂಡೆಯಲ್ಲಿ, ದಣಿದ ಮೈಯಲ್ಲಿ, ಮುಂದಿನ ಊರಿನ ಅವಸರದಲ್ಲಿ, ದೊಡ್ಡ ಗುಂಪನ್ನು ಇಬ್ಬರು ಮೂವರು ಶಿಕ್ಷಕರಿಗೆ ಒಪ್ಪಿಸಿದಾಗ. ಒಂದೇ ಕಡೆ ನಿಂತವರು ಮೊದಲ ದಿನವೇ ಊರಿನ ಮೀನುಗಾರರಿಂದ ಎಲ್ಲಿಗೆ ಹೋಗಬಾರದು ಎಂದು ತಿಳಿಯುತ್ತಾರೆ. ಹತ್ತು ಮಕ್ಕಳಿಗೆ ಊರಿನ ಒಬ್ಬ ಬಲ್ಲವರು, ಕೆಸರಿಗಿಳಿಯುವುದು ಇಳಿತದಲ್ಲಿ ಮಾತ್ರ, ಜೀವರಕ್ಷಕ ಜಾಕೆಟ್ ಇಲ್ಲದೆ ದೋಣಿ ಹತ್ತುವಂತಿಲ್ಲ, ಕಡಲಲ್ಲಿ ಈಜುವಂತಿಲ್ಲ, ಮಳೆಗಾಲದಲ್ಲಿ ಪ್ರವಾಸವೇ ಇಲ್ಲ. ಈ ನಿಯಮಗಳನ್ನು ಪಾಲಿಸಲಾಗದ ಶಾಲೆಗೆ ಅನುಮತಿ ಕೊಡಬಾರದು.

ಮಕ್ಕಳ ದಂಡು ಬಂದರೆ ಸೂಕ್ಷ್ಮ ಪರಿಸರ ಹಾಳಾಗದೇ, ದುಡಿಯುವ ಹೆಂಗಸರು ಪ್ರದರ್ಶನದ ವಸ್ತುಗಳಾಗರೇ ಎಂದು ಕೇಳುವವರೂ ಇದ್ದಾರೆ. ಮಿತಿ ಇಲ್ಲದಿದ್ದರೆ ಎರಡೂ ಆಗುತ್ತವೆ. ಆದ್ದರಿಂದಲೇ ಒಂದು ಸಲಕ್ಕೆ ಒಂದೇ ತರಗತಿ ಬರಬೇಕು. ಯಾವ ವಾರ ಎಷ್ಟು ಜನ ಎಂಬುದನ್ನು ಗ್ರಾಮ ಪಂಚಾಯಿತಿ ತೀರ್ಮಾನಿಸಬೇಕು. ಚಿಪ್ಪಿ ಹೆಕ್ಕುವವರ ಫೋಟೊ ತೆಗೆದು ಹೊರಡುವುದು ಪ್ರದರ್ಶನ. ಅವರನ್ನು ಅರ್ಧ ದಿನದ ಕೂಲಿಗೆ ಕಡಿಮೆಯಿಲ್ಲದ ಗೌರವಧನ ಕೊಟ್ಟು ಪಾಠ ಹೇಳಲು ಕರೆದರೆ ಅವರು ಗುರುಗಳು. ಊರಿನ ಶಾಲೆಯ ಮಕ್ಕಳೂ ಆ ಗುಂಪಿನಲ್ಲಿ ಇರಬೇಕು. ತಮ್ಮ ಮನೆಯ ಕಸುಬಿನಲ್ಲಿ ಇಷ್ಟು ವಿಜ್ಞಾನವಿದೆ ಎಂದು ಅವರಿಗೂ ತಿಳಿಯಲಿ. ಮರುವರ್ಷ ಅವರೇ ಕೋಲಾರಕ್ಕೋ ರಾಯಚೂರಿಗೋ ಹೋಗಿ, ಮಳೆ ಕಡಿಮೆಯಿರುವ ನೆಲದಲ್ಲಿ ಕೆರೆ ಹೇಗೆ ಬದುಕು ಕಟ್ಟಿತು ಎಂದು ನೋಡಿ ಬರಲಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಪ್ರವಾಸಕ್ಕೆ ಅನುಮತಿ ಕೊಡುವಾಗ ಶಿಕ್ಷಣ ಇಲಾಖೆ ನೋಡಬೇಕಾದ ಕಾಗದ ಬದಲಾದರೆ ಸಾಕು. ಈಗ ಶಾಲೆಗಳು ಭೇಟಿ ಕೊಡುವ ಸ್ಥಳಗಳ ಪಟ್ಟಿ ಹಿಡಿದು ಬರುತ್ತವೆ. ಅದರ ಬದಲು ಮಕ್ಕಳು ಯಾವ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಿದ್ದಾರೆ, ಯಾರಿಂದ ಕಲಿಯುತ್ತಾರೆ, ಬಂದ ಮೇಲೆ ಏನು ಬರೆದುಕೊಡುತ್ತಾರೆ ಎಂಬ ಮೂರನ್ನು ಬರೆದು ತರುವಂತೆ ಇಲಾಖೆ ಕೇಳಲಿ. ಅಘನಾಶಿನಿ, ಶರಾವತಿ, ಕಾಳಿ ಅಳಿವೆಗಳಲ್ಲಿ ಬರುವ ಶೈಕ್ಷಣಿಕ ವರ್ಷವೇ ಕೆಲವು ಸರ್ಕಾರಿ ಶಾಲೆಗಳಿಂದ ಇದನ್ನು ಆರಂಭಿಸಬಹುದು. ದುಡ್ಡಿರುವ ಮನೆಯ ಮಕ್ಕಳು ಹೇಗೂ ಮತ್ತೆ ಕರಾವಳಿಗೆ ಬಂದಾರು. ಒಮ್ಮೆ ಮಾತ್ರ ಬರಲು ಸಾಧ್ಯವಿರುವ ಮಕ್ಕಳಿಗೆ ಆ ಒಂದು ಸಲ ಸಾರ್ಥಕವಾಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.