ಹಗಲು ದುಡಿಮೆ, ಇರುಳು ಓದು

ಮುಂಬಯಿಯ ಹಿರಿಯ ತಲೆಮಾರಿನ ಕನ್ನಡಿಗರನ್ನು ‘ತಾವು ಎಲ್ಲಿ ಓದಿದಿರಿ?’ ಎಂದು ಕೇಳಿದರೆ, ಹಲವರ ಉತ್ತರ ಎರಡು ಭಾಗಗಳಲ್ಲಿ ಬರುತ್ತದೆ. ಹಗಲು ಫೋರ್ಟ್ ಪರಿಸರದ ಹೋಟೆಲಿನಲ್ಲೋ ಕಂಪೆನಿಯ ಕ್ಯಾಂಟೀನಿನಲ್ಲೋ ದುಡಿಮೆ. ಸಂಜೆಯಾದೊಡನೆ ಕೈತೊಳೆದು ರಾತ್ರಿಶಾಲೆಯ ಬೆಂಚು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆ ಮೊದಲಾದವು ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ ಅಕ್ಷರ ಕೊಟ್ಟವು. ಅವರಲ್ಲಿ ಕೆಲವರು ಬ್ಯಾಂಕ್ ಸೇರಿದರು, ಕೆಲವರು ವಕೀಲರಾದರು, ಕೆಲವರು ತಾವೇ ಹೋಟೆಲು ತೆರೆದರು. ಲೆಕ್ಕದ ಪುಸ್ತಕ ಕೈಗೆ ಬರುವ ಮೊದಲೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಲೆಕ್ಕ ಕಲಿತವರು ಅವರು.

ಆ ಕಾಲವನ್ನು ವೈಭವೀಕರಿಸುವುದು ನನ್ನ ಉದ್ದೇಶವಲ್ಲ. ಹೋಟೆಲಿನ ಮೇಜುಗಳ ಮೇಲೆ ಮಲಗೆದ್ದ ಆ ಬಾಲಕರಿಗೆ ದುಡಿಮೆ ಆಯ್ಕೆಯಾಗಿರಲಿಲ್ಲ, ಬಡತನದ ಒತ್ತಾಯವಾಗಿತ್ತು. ಅಂಥ ಬಾಲ್ಯ ಇನ್ನಾರಿಗೂ ಬಾರದಿರಲಿ. ಆದರೆ ದುಡಿಮೆಯೂ ಓದೂ ಒಂದನ್ನೊಂದು ತಿದ್ದುತ್ತವೆಂಬ ಅವರ ಅನುಭವವನ್ನು ಬಡತನದೊಂದಿಗೆ ಮರೆತುಬಿಡಬೇಕೆ?

ಇಂದು ಅವರ ಮೊಮ್ಮಕ್ಕಳು ಕಾಲೇಜುಗಳಲ್ಲಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳು ಕಾರ್ಯಾನುಭವವನ್ನು ಪಠ್ಯಕ್ರಮದೊಳಗೇ ತಂದಿವೆ. ನಾಲ್ಕು ಕ್ರೆಡಿಟ್ಟಿನ ಇಂಟರ್ನ್‌ಶಿಪ್ ಎಂದರೆ ಕನಿಷ್ಠ 120 ಗಂಟೆಗಳ ಕೆಲಸ. ಇದು ಸ್ವಾಗತಾರ್ಹ. ಹೊತ್ತಿಗೆ ಸರಿಯಾಗಿ ಹಾಜರಾಗುವುದು, ತಿಳಿಯದುದನ್ನು ಸಂಕೋಚವಿಲ್ಲದೆ ಕೇಳುವುದು, ತನ್ನ ತಪ್ಪಿನಿಂದ ಇನ್ನೊಬ್ಬರ ಕೆಲಸ ಕೆಡುತ್ತದೆಂದು ಅರಿಯುವುದು, ಇವನ್ನು ಯಾವ ಗೈಡ್ ಪುಸ್ತಕವೂ ಕಲಿಸಲಾರದು. ತನಗೆ ಒಗ್ಗದ ವೃತ್ತಿ ಯಾವುದೆಂದು ಇಪ್ಪತ್ತರ ವಯಸ್ಸಿನಲ್ಲೇ ತಿಳಿದರೆ ಅದೂ ಲಾಭವೇ.

ಆದರೆ ಇಲ್ಲೊಂದು ಅನ್ಯಾಯ ಮೆಲ್ಲನೆ ಬೇರೂರುತ್ತಿದೆ. ನನ್ನ ಪರಿಚಯದ ಮನೆಯ ಹುಡುಗಿಯೊಬ್ಬಳು ಡೊಂಬಿವಲಿಯಿಂದ ದಿನವೂ ಲೋಕಲ್ ರೈಲಿನಲ್ಲಿ ನೇತಾಡುತ್ತ ನಗರದ ಕಚೇರಿಯೊಂದಕ್ಕೆ ಎರಡು ತಿಂಗಳು ಹೋಗಿಬಂದಳು. ಕಲಿತದ್ದು ಕಾಗದಗಳ ಪ್ರತಿ ತೆಗೆಯುವುದನ್ನು. ಕೈಗೆ ಒಂದು ಕಾಸೂ ಬರಲಿಲ್ಲ. ಪಾಸು, ಊಟ ಎಲ್ಲ ತಂದೆಯ ಹೆಗಲಿಗೆ. ಆಕೆಯ ಸಹಪಾಠಿಯೊಬ್ಬನಿಗೆ ಮಾವನ ಒಂದೇ ಫೋನಿನಿಂದ ಮನೆಯಲ್ಲೇ ಕುಳಿತು ಅದೇ ಬಗೆಯ ಪ್ರಮಾಣಪತ್ರ ದೊರಕಿತು. ರಜೆಯಲ್ಲಿ ನಾಲ್ಕು ಕಾಸು ಗಳಿಸದಿದ್ದರೆ ಮುಂದಿನ ಶುಲ್ಕ ಕಟ್ಟಲಾಗದ ಹೋಟೆಲ್ ಕಾರ್ಮಿಕನ ಮಗ ಏನು ಮಾಡಬೇಕು? ಬಿಟ್ಟಿ ದುಡಿಮೆ ಉಳ್ಳವರ ಮಕ್ಕಳಿಗೆ ಮಾತ್ರ ಎಟಕುವ ಶಿಕ್ಷಣ.

1961ರ ಅಪ್ರೆಂಟಿಸ್ ಕಾಯಿದೆಯಡಿ ನೇಮಕಗೊಂಡವರಿಗೆ ಸ್ಟೈಪೆಂಡ್ ಕಡ್ಡಾಯ. ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವರು ಹಿರಿಯರ ಕೈಕೆಳಗೆ ದುಡಿಯುವ ಆರ್ಟಿಕಲ್‌ಶಿಪ್ಪಿಗೂ ಸ್ಟೈಪೆಂಡ್ ಉಂಟು. ಕಾಲೇಜಿನ ಸಾಮಾನ್ಯ ಇಂಟರ್ನ್‌ಶಿಪ್ಪಿಗೆ ಅಂಥ ರಕ್ಷೆಯಿಲ್ಲ. ಕಾನೂನು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ.

ನಮ್ಮ ಸಂಘ ಸಂಸ್ಥೆಗಳು ವರ್ಷ ವರ್ಷ ಪುಸ್ತಕ ಹಂಚುತ್ತವೆ, ಪ್ರತಿಭಾ ಪುರಸ್ಕಾರದ ಶಾಲು ಹೊದಿಸುತ್ತವೆ. ಅದರೊಂದಿಗೆ ಒಂದು ದಾಖಲೆ ಪುಸ್ತಕವನ್ನೂ ತೆರೆಯಲಿ. ನಮ್ಮ ಹೋಟೆಲ್ ಉದ್ಯಮಿಗಳು, ಲೆಕ್ಕಪರಿಶೋಧಕರು, ವಕೀಲರು, ವೈದ್ಯರು, ಮುದ್ರಣಾಲಯದವರು, ಸಹಕಾರಿ ಬ್ಯಾಂಕಿನ ಅಧಿಕಾರಿಗಳು ‘ನನ್ನಲ್ಲಿ ಒಬ್ಬ ವಿದ್ಯಾರ್ಥಿಗೆ ಎಡೆಯಿದೆ’ ಎಂದು ಅದರಲ್ಲಿ ಬರೆಯಲಿ. ಷರತ್ತುಗಳು ಮೂರೇ: ಪ್ರಯಾಣ ಮತ್ತು ಊಟದ ವೆಚ್ಚಕ್ಕೆ ಮೀರಿದ ಗೌರವಧನ, ಕಲಿಸಲು ಹೊಣೆಹೊತ್ತ ಒಬ್ಬ ಹಿರಿಯ, ಮಾಡಿದ ಕೆಲಸಕ್ಕಷ್ಟೇ ಪ್ರಮಾಣಪತ್ರ. ಸಂಘಗಳ ಕಪಾಟುಗಳಲ್ಲಿ ಧೂಳು ತಿನ್ನುತ್ತಿರುವ ಹಳೆಯ ಸಂಚಿಕೆಗಳು, ಸಭೆಯ ನಡಾವಳಿಗಳು, ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು ಇದ್ದರೆ ಅವನ್ನು ಪಟ್ಟಿಮಾಡುವ ಕೆಲಸವನ್ನೂ ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ಕೊಡಬಹುದು. ಕನ್ನಡವೂ ಅನ್ನ ಕೊಡಬಲ್ಲ ಭಾಷೆಯೆಂಬುದು ಆಗ ಅವರಿಗೆ ಮಾತಿನಿಂದಲ್ಲ, ಕೈಗೆ ಬಂದ ಸಂಬಳದಿಂದ ತಿಳಿದೀತು.

ದುಡಿಯುವವನಿಗೆ ಓದಲು ಎಡೆಮಾಡಿಕೊಟ್ಟದ್ದು ನಮ್ಮ ಹಿರಿಯರ ಹಿರಿಮೆ. ಓದುವವನಿಗೆ ಗೌರವದಿಂದ ದುಡಿಯಲು ಎಡೆಮಾಡಿಕೊಡುವುದು ನಮ್ಮ ಪಾಲಿನ ಋಣ.