ಸುಮ್ಮನಿರಿಸುವುದು ಶಿಕ್ಷಣವಲ್ಲ



ಬಣಕಲ್ ಸೀಮೆಯಲ್ಲಿ ಮುಂಗಾರು ಹಿಡಿದಾಗ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು ನಮಗೆಲ್ಲ ರೂಢಿ. ಸ್ವಲೀನತೆ, ಅಂದರೆ ಆಟಿಸಂ ಇರುವ ಮಗುವಿಗೆ ಅದೇ ಸದ್ದು ಸಹಿಸಲಾಗದ ಹಿಂಸೆಯಾಗಬಹುದು. ತರಗತಿಯಲ್ಲಿ ಅದು ಕಿವಿ ಮುಚ್ಚಿಕೊಂಡು ಮೈ ತೂಗಿದರೆ ಅದು ಹಟವಲ್ಲ. ತನ್ನನ್ನು ತಾನೇ ಸಂತೈಸಿಕೊಳ್ಳುವ ಬಗೆ.

ಇದನ್ನೇ ದೋಷವೆಂದೆಣಿಸಿ, ಮೈ ತೂಗದಿದ್ದರೆ ಮಿಠಾಯಿ ಕೊಡುವ, ತೂಗಿದರೆ ಆಟಿಕೆ ಕಸಿಯುವ 'ವರ್ತನೆ ತಿದ್ದುವ' ಕ್ರಮಗಳಿವೆ. ಇವುಗಳ ಮೂಲಪುರುಷರಲ್ಲೊಬ್ಬರಾದ ಅಮೆರಿಕದ ಐವರ್ ಲೋವಾಸ್ 1960ರ ದಶಕದಲ್ಲಿ ಮಕ್ಕಳ ಮೇಲೆ ಪೆಟ್ಟನ್ನೂ ವಿದ್ಯುತ್ ಆಘಾತವನ್ನೂ ಪ್ರಯೋಗಿಸಿದ್ದರು. ಇಂದು ಬಹುಮಾನವೇ ಮುಂದಿದ್ದರೂ ಗುರಿ ಬರಿಯ ವಿಧೇಯತೆಯಾದರೆ ಹಾನಿ ತಪ್ಪದು. ನೋವನ್ನು ಅಡಗಿಸಲು ಕಲಿತ ಮಗು ಕೆಡುಕು ಮಾಡುವವರ ಮುಂದೆಯೂ 'ಬೇಡ' ಎನ್ನಲಾರದೆ ಹೋಗಬಹುದು. ಇಂಥ ತರಬೇತಿಯಲ್ಲಿ ಬೆಳೆದ ಅನೇಕರು ತಾವೇ ಇದನ್ನು ಹೇಳಿಕೊಂಡಿದ್ದಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸ್ವಲೀನತೆಯನ್ನು 21 ವೈಕಲ್ಯಗಳಲ್ಲಿ ಸೇರಿಸಿ, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆಯೇ ಕಲ್ಪಿಸಬೇಕೆಂದಿದೆ.

ತುಂಬಿದ ತರಗತಿಯನ್ನು ಸಂಭಾಳಿಸುವ ಶಿಕ್ಷಕರ ಕಷ್ಟವನ್ನು ನಾವು ಬಲ್ಲೆವು. ಆದರೂ ಸದ್ದು ಕಡಿಮೆಯಿರುವ ಒಂದು ಮೂಲೆಯನ್ನು ಬಿಟ್ಟುಕೊಡಲು ಹೆಚ್ಚಿನ ಹಣ ಬೇಡ. ತಂದೆತಾಯಂದಿರು 'ಮಗು ಸುಮ್ಮನೆ ಕುಳಿತಿತ್ತೇ?' ಎಂದು ಕೇಳುವುದನ್ನು ಬಿಟ್ಟು, 'ಅದಕ್ಕೆ ಯಾವುದು ಕಷ್ಟವಾಯಿತು, ನಾವೇನು ಬದಲಿಸೋಣ?' ಎಂದು ಕೇಳಲಿ. ತಿದ್ದಬೇಕಾದುದು ಮಗುವನ್ನಲ್ಲ, ನಮ್ಮ ನೋಟವನ್ನು.