ಕತ್ತೆ ಕತೆಯಾಗದಿರಲಿ

ಮೊಬೈಲ್ ಫೋನಿನ ಆ್ಯಪ್‌ಗಳಲ್ಲಿ ಹೆಸರನ್ನೋ ವಿಳಾಸವನ್ನೋ ಬರೆಯುವುದಕ್ಕೆ ಒಂದು ಚೌಕಟ್ಟು ಇರುವುದಷ್ಟೆ. ಚೌಕಟ್ಟಿನ ಗೆರೆಗೂ ಒಳಗಣ ಅಕ್ಷರಕ್ಕೂ ನಡುವೆ ಬಿಡುವ ತೆರಪನ್ನು ತಂತ್ರಜ್ಞರು ‘ಪ್ಯಾಡಿಂಗ್’ ಎನ್ನುತ್ತಾರೆ. ನಾವು ಒಳ ಅಂಚು ಎನ್ನಬಹುದು. ಇದು ಕೇವಲ ಅಂದಚೆಂದದ ವಿಷಯವೆಂದು ಹಲವರ ಭಾವನೆ. ಕನ್ನಡದ ಮಟ್ಟಿಗಾದರೂ ಆ ಭಾವನೆ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಆಂಡ್ರಾಯ್ಡ್ ಫೋನುಗಳಲ್ಲಿ ಅಳತೆಯ ಮಾನ ‘ಡಿಪಿ’. ಸುಮಾರು 160 ಡಿಪಿ ಸೇರಿದರೆ ಒಂದು ಅಂಗುಲ. ಬೆರಳಿಗೆ ಸುಲಭವಾಗಿ ಸಿಕ್ಕಬೇಕಾದರೆ ಮುಟ್ಟುವ ಜಾಗದ ಎತ್ತರ 48 ಡಿಪಿಗೆ ಕಡಿಮೆಯಿರಬಾರದೆಂದು ಗೂಗಲ್ ಸಂಸ್ಥೆಯ ಸೂಚನೆ. ವಿನ್ಯಾಸಕನೊಬ್ಬನು ಚೌಕಟ್ಟಿನ ಎತ್ತರವನ್ನು 48ಕ್ಕೇ ಬಿಗಿದು, ಮೇಲೆ ಕೆಳಗೆ 14ರಂತೆ ಅಂಚು ಬಿಟ್ಟನೆನ್ನಿ. ಅಕ್ಷರಕ್ಕೆ ಉಳಿಯುವುದು 20 ಡಿಪಿ ಮಾತ್ರ. ಸಾಧಾರಣ ಗಾತ್ರದ ಇಂಗ್ಲಿಷ್ ಸಾಲಿಗೆ ಇದು ಸಾಕು. ಆದರೆ ಕನ್ನಡದಲ್ಲಿ ಒತ್ತಕ್ಷರವು ಮೂಲಾಕ್ಷರದ ಕೆಳಕ್ಕೆ ಇಳಿಯುತ್ತದೆ. ಫಾಂಟು ಕೇಳುವಷ್ಟು ಎಡೆ ದೊರೆಯದಿದ್ದರೆ ಒತ್ತಿನ ಕೆಳಭಾಗ ಕತ್ತರಿಸಿಹೋಗುತ್ತದೆ.

ಒತ್ತು ಕಾಣದಿದ್ದರೆ ‘ಹಳ್ಳಿ’ ‘ಹಳಿ’ಯಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ. ಫೋನಿನ ಸ್ಮೃತಿಯಲ್ಲಿ ಪದವು ಬೆರಳೊತ್ತಿದಂತೆಯೇ ದಾಖಲಾಗಿರುತ್ತದೆ, ನಿಜ. ಆದರೆ ಬರೆದವನು ತನ್ನ ಬರಹವನ್ನು ಪರೀಕ್ಷಿಸುವುದು ಕಣ್ಣಿನಿಂದಲೇ ಅಲ್ಲವೆ? ಸರಿಯಾದ ಪದವೂ ತಪ್ಪಾದ ಪದವೂ ಒಂದೇ ರೀತಿ ಕಂಡರೆ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತನ್ನ ಹೆಸರು ತಪ್ಪಾಗಿರುವುದನ್ನು ಅವನು ತಿಳಿಯುವುದೆಂತು?

ಚಿಕ್ಕ ಪರದೆಯಲ್ಲಿ ಕೀಲಿಮಣೆಯೇ ಬಹುಭಾಗವನ್ನು ಆವರಿಸಿರುವಾಗ ಚೌಕಟ್ಟನ್ನು ಹಿಗ್ಗಿಸುವುದು ದುಂದುಗಾರಿಕೆಯೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಉಳಿತಾಯಕ್ಕೆ ಬೇರೆ ಎಡೆಗಳಿವೆ: ಎರಡು ಚೌಕಟ್ಟುಗಳ ನಡುವಣ ತೆರಪನ್ನು ಕುಗ್ಗಿಸಬಹುದು, ಅನಗತ್ಯ ಚಿತ್ರಗಳನ್ನು ತೆಗೆಯಬಹುದು. ಅಕ್ಷರದ ಅಂಗವನ್ನೇ ಕತ್ತರಿಸಿ ಜಾಗ ಉಳಿಸುವುದು ಮಿತವ್ಯಯವೆನಿಸದು.

ಪರಿಹಾರವೂ ಕಷ್ಟದ್ದಲ್ಲ. ಚೌಕಟ್ಟಿನ ಎತ್ತರಕ್ಕೆ ಕನಿಷ್ಠ ಮಿತಿಯಿರಲಿ, ಗರಿಷ್ಠ ಮಿತಿ ಬೇಡ. ಒಳ ಅಂಚನ್ನು ನಿಶ್ಚಯಿಸಿ, ಎತ್ತರವು ಅಕ್ಷರಕ್ಕೆ ತಕ್ಕಂತೆ ತಾನೇ ಬೆಳೆಯುವಂತೆ ಬಿಡಬೇಕು. ಇದರ ಪ್ರಯೋಜನ ಕನ್ನಡಕ್ಕಷ್ಟೇ ಸೀಮಿತವಲ್ಲ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಅಕ್ಷರಗಳನ್ನು ಶೇಕಡ 200ರವರೆಗೆ ಹಿಗ್ಗಿಸುವ ಸೌಲಭ್ಯವಿದೆ. ದೃಷ್ಟಿ ಮಂದವಾದವರು ಅದನ್ನು ಬಳಸಿದಾಗ, ಬಿಗಿದ ಚೌಕಟ್ಟಿನಲ್ಲಿ ಇಂಗ್ಲಿಷ್ ಅಕ್ಷರಕ್ಕೂ ಇದೇ ಗತಿ.

ಈ ಪುಟಗಳನ್ನು ಓದುವ ತರುಣರಲ್ಲಿ ಕೆಲವರಾದರೂ ಮುಂದೆ ಆ್ಯಪ್‌ಗಳನ್ನು ರಚಿಸುವವರು. ಅವರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಚೌಕಟ್ಟನ್ನು ಲೋಕಕ್ಕೆ ಒಪ್ಪಿಸುವ ಮುನ್ನ ಅದರಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ಕತ್ತೆ’ ಎಂಬ ಮೂರು ಪದಗಳನ್ನು ಬರೆದು ನೋಡಿ. ಅವು ಪೂರ್ಣವಾಗಿ ಕಂಡರೆ ಮಾತ್ರ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಿರಿ.